ಬೇಬಿ ಕ್ಯಾರಿಯರ್ ಒಳ್ಳೆಯದು, ಬಾಂಧವ್ಯದ ಗ್ಯಾರಂಟಿ ಮಾತ್ರ ನಂಬಬೇಡಿ

ಕ್ಯಾರಿಯರ್ ಚೆನ್ನಾಗಿದೆ, ಧೈರ್ಯವಾಗಿ ತಗೊಳ್ಳಬಹುದು. ಆದರೆ ಡಬ್ಬಿಯೊಳಗೆ ಅದರ ಜೊತೆ ಬರುವ ಪುಟ್ಟ ಪುಸ್ತಕವನ್ನು ಇದ್ದದ್ದು ಇದ್ದಹಾಗೆ ನಂಬಬೇಡಿ. ಈ ರಿವ್ಯೂ ಇಷ್ಟು ಉದ್ದ ಆಗಿರುವುದು ಆ ಪುಸ್ತಕದಿಂದಲೇ.

ಮೊದಲು ವಸ್ತುವಿನ ಬಗ್ಗೆ ಹೇಳಿಬಿಡುತ್ತೇನೆ. ಇದು ಬಕಲ್ ಇರುವ, ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಕ್ಯಾರಿಯರ್. ಹತ್ತಿ ಬಟ್ಟೆ, ಮೆತ್ತಗಿದೆ, ಒಗೆದಷ್ಟೂ ಇನ್ನೂ ಮೃದುವಾಗುತ್ತದೆ. ಸೊಂಟದ ಪಟ್ಟಿ ಅಗಲವಾಗಿರುವುದರಿಂದ ಭಾರವೆಲ್ಲ ಹೆಗಲಿಗೆ ಬೀಳುವುದಿಲ್ಲ, ಸೊಂಟ ಅದರಲ್ಲಿ ದೊಡ್ಡ ಪಾಲು ಹೊರುತ್ತದೆ. ನಾನೂ ನನ್ನ ಹೆಂಡತಿಯೂ ಎತ್ತರದಲ್ಲಿ ತುಂಬಾ ವ್ಯತ್ಯಾಸ ಇರುವವರು, ಆದರೂ ಪಟ್ಟಿಗಳನ್ನು ಎಳೆದು ಸಡಿಲಿಸಿ ಇಬ್ಬರಿಗೂ ಸರಿಹೊಂದಿಸಿಕೊಳ್ಳಬಹುದು. ಮಗು ಕೂರುವ ಜಾಗದ ಅಗಲವನ್ನೂ ಹೆಚ್ಚು ಕಡಿಮೆ ಮಾಡಬಹುದು, ಇದು ತುಂಬಾ ಮುಖ್ಯ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಇಷ್ಟವಾಗದೇ ಇರುವುದು ಎರಡು. ಬೆನ್ನ ಹಿಂದೆ, ಎರಡು ಹೆಗಲ ಪಟ್ಟಿಗಳನ್ನು ಸೇರಿಸುವ ಒಂದು ಸಣ್ಣ ಬಕಲ್ ಇದೆ, ಅದು ಒಬ್ಬರೇ ಇದ್ದಾಗ ಕೈಗೆ ಸಿಗುವುದೇ ಕಷ್ಟ. ಇನ್ನೊಂದು, ತಲೆ ಮುಚ್ಚುವ ಬಟ್ಟೆಗೆ ಹಾಕಿರುವ ವೆಲ್ಕ್ರೋ. ಬಿಚ್ಚಿದರೆ ಪರ್ ಎಂದು ಸದ್ದಾಗುತ್ತದೆ, ಆಗಷ್ಟೇ ನಿದ್ದೆ ಹೋದ ಮಗು ಎದ್ದುಬಿಡುತ್ತದೆ. ಮಗುವಿನ ಕಿವಿ ಪಕ್ಕದಲ್ಲಿ ವೆಲ್ಕ್ರೋ ಹಾಕುವ ಬದಲು ಒಂದು ಗುಂಡಿ ಇಡಬಹುದಿತ್ತು. ಸೆಕೆ ಇದ್ದಾಗ ಇಬ್ಬರೂ ಬೆವರುತ್ತೇವೆ, ಅದು ಯಾವ ಕ್ಯಾರಿಯರ್ ಆದರೂ ಅಷ್ಟೇ.

ಈಗ ಆ ಪುಸ್ತಕ. ದಿನಕ್ಕೆ ಇಷ್ಟು ಗಂಟೆ ಮಗುವನ್ನು ಎದೆಗೆ ಕಟ್ಟಿಕೊಂಡರೆ ಜೀವನಪೂರ್ತಿ ಗಟ್ಟಿ ಬಾಂಧವ್ಯ ಖಚಿತ ಅಂತ ಅದರಲ್ಲಿ ಬರೆದಿದ್ದಾರೆ. ಮೊದಲ ಕೆಲವು ವಾರ ಕೈತಪ್ಪಿದರೆ ಆ ಬಾಗಿಲು ಮುಚ್ಚಿಹೋಗುತ್ತದೆ ಅಂತಲೂ ಇದೆ. ಎಲ್ಲ ಪುಟದಲ್ಲೂ ‘ತಾಯಿ’ ಎಂದೇ ಇದೆ, ಅಪ್ಪನ ಸುದ್ದಿಯೇ ಇಲ್ಲ. ಮಧ್ಯದಲ್ಲಿ ಒಂದು ಕೋತಿಮರಿ ಬಟ್ಟೆ ಸುತ್ತಿದ ಬೊಂಬೆಯನ್ನು ತಬ್ಬಿಕೊಂಡಿರುವ ಚಿತ್ರ, ಕೆಳಗೆ ‘ಸ್ಪರ್ಶವೇ ಎಲ್ಲ’ ಎಂಬ ಸಾಲು. ಹೊಸದಾಗಿ ಅಪ್ಪ ಅಮ್ಮ ಆದವರು ನಿದ್ದೆಗೆಟ್ಟು, ಹೆದರಿಕೊಂಡು ಓದುವ ಪುಸ್ತಕ ಇದು. ಅವರಿಗೆ ಅರ್ಧ ಸತ್ಯ ಹೇಳುವುದು ಸರಿಯಲ್ಲ ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಆ ಕೋತಿಮರಿಯಿಂದಲೇ ಶುರು ಮಾಡುತ್ತೇನೆ. ಅದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹ್ಯಾರಿ ಹಾರ್ಲೋ ಎಂಬ ಮನಶ್ಶಾಸ್ತ್ರಜ್ಞ ನಡೆಸಿದ ಪ್ರಯೋಗ, 1958ರಲ್ಲಿ ಪ್ರಕಟವಾಯಿತು. ಹುಟ್ಟಿದ ಸ್ವಲ್ಪ ಹೊತ್ತಿಗೇ ಮರಿಗಳನ್ನು ತಾಯಿಯಿಂದ ಬೇರೆ ಮಾಡಿ, ಎರಡು ಬೊಂಬೆಗಳ ಜೊತೆ ಬಿಟ್ಟರು. ಒಂದು ಬರೀ ತಂತಿಯದು, ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ. ಹಾಲಿನ ಬಾಟಲಿ ತಂತಿಯ ಬೊಂಬೆಯಲ್ಲಿದ್ದರೂ ಮರಿಗಳು ಕುಡಿದು ಮುಗಿದ ಕೂಡಲೇ ಬಟ್ಟೆಯ ಬೊಂಬೆಗೇ ಓಡಿಹೋಗಿ ಅಂಟಿಕೊಳ್ಳುತ್ತಿದ್ದವು. ಮಗು ತಾಯಿಯನ್ನು ಹಚ್ಚಿಕೊಳ್ಳುವುದು ಹಾಲು ಕೊಡುತ್ತಾಳೆ ಅನ್ನುವ ಒಂದೇ ಕಾರಣಕ್ಕೆ ಎಂದು ತುಂಬಾ ಜನ ನಂಬಿದ್ದ ಕಾಲ ಅದು. ಆ ನಂಬಿಕೆಯನ್ನು ಅಲುಗಾಡಿಸಿದ್ದು ಈ ಪ್ರಯೋಗ.

ಪುಸ್ತಕ ಇಲ್ಲಿಗೇ ನಿಲ್ಲಿಸುತ್ತದೆ. ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಬೇರೆ ಮರಿಗಳ ಒಡನಾಟವೂ ಇಲ್ಲದೆ ಬರೀ ಬೊಂಬೆಗಳ ಜೊತೆ ಬೆಳೆದ ಆ ಮರಿಗಳು ದೊಡ್ಡವಾದ ಮೇಲೆ ಬೇರೆ ಕೋತಿಗಳ ಜೊತೆ ಬೆರೆಯಲು ಆಗದೆ ಹೆದರಿ ಮೂಲೆ ಸೇರುತ್ತಿದ್ದವು, ಅವುಗಳಲ್ಲಿ ತಾಯಿಯಾದ ಎಷ್ಟೋ ಹೆಣ್ಣುಗಳು ತಮ್ಮ ಮರಿಯನ್ನು ಹತ್ತಿರ ಸೇರಿಸಲಿಲ್ಲ, ಕೆಲವು ಹಿಂಸೆಯನ್ನೂ ಕೊಟ್ಟವು. ಬಟ್ಟೆಯ ಬೊಂಬೆ ಬೆಚ್ಚಗಿತ್ತು, ಮೆತ್ತಗಿತ್ತು, ಯಾವಾಗಲೂ ಅಲ್ಲೇ ಇತ್ತು. ಆದರೆ ಅದು ಮರಿಯ ಕಡೆ ತಿರುಗಿ ನೋಡುತ್ತಿರಲಿಲ್ಲ, ಕೂಗಿದರೆ ಓಗೊಡುತ್ತಿರಲಿಲ್ಲ. ಕ್ಯಾರಿಯರ್ ಮಾರುವವರು ಆ ಚಿತ್ರವನ್ನು ಹಾಕುವುದಾದರೆ ಈ ಭಾಗವನ್ನೂ ಹಾಕಬೇಕು, ಅಲ್ವಾ?

ಹಾಗಂತ ಹೊರುವುದರಿಂದ ಪ್ರಯೋಜನವೇ ಇಲ್ಲ ಎನ್ನುತ್ತಿಲ್ಲ. ಇದೆ, ಅದಕ್ಕೆ ಒಳ್ಳೆಯ ಆಧಾರವೂ ಇದೆ. 1990ರಲ್ಲಿ ಎಲಿಜಬೆತ್ ಆನಿಸ್‌ಫೆಲ್ಡ್ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಅಧ್ಯಯನ ನನಗೆ ತುಂಬಾ ಇಷ್ಟ. ನ್ಯೂಯಾರ್ಕ್‌ನಲ್ಲಿ ಕಡಿಮೆ ಆದಾಯದ ತಾಯಂದಿರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೆತ್ತನೆಯ ಬಟ್ಟೆ ಕ್ಯಾರಿಯರ್, ಇನ್ನೊಂದಕ್ಕೆ ಮಗುವನ್ನು ಕೂರಿಸುವ ಪ್ಲಾಸ್ಟಿಕ್ ಸೀಟು ಕೊಟ್ಟರು. ಒಟ್ಟು 49 ಮಕ್ಕಳು. 13 ತಿಂಗಳಾದಾಗ ಪರೀಕ್ಷಿಸಿದರೆ ಕ್ಯಾರಿಯರ್ ಗುಂಪಿನಲ್ಲಿ 83% ಮಕ್ಕಳಿಗೆ ತಾಯಿಯ ಜೊತೆ ಭದ್ರವಾದ ಬಾಂಧವ್ಯ ಇತ್ತು, ಸೀಟಿನ ಗುಂಪಿನಲ್ಲಿ 38% ಮಾತ್ರ. ದೊಡ್ಡ ವ್ಯತ್ಯಾಸ. ಸಣ್ಣ ಅಧ್ಯಯನ ಅನ್ನುವುದನ್ನೂ ನೆನಪಿಡಬೇಕು.

ಆದರೆ ನನ್ನ ಗಮನ ಹೋಗಿದ್ದು ಅದೇ ಅಧ್ಯಯನದ ಇನ್ನೊಂದು ಅಂಶದ ಕಡೆಗೆ. ಮೂರೂವರೆ ತಿಂಗಳ ಹೊತ್ತಿಗೇ ಕ್ಯಾರಿಯರ್ ಗುಂಪಿನ ತಾಯಂದಿರು ಮಗು ಮಾಡುವ ಸದ್ದಿಗೆ ಜಾಸ್ತಿ ಮರುಮಾತು ಕೊಡುತ್ತಿದ್ದರು. ಮಗು ಊಂ ಅಂದರೆ ಇವರೂ ಏನೋ ಅನ್ನುತ್ತಿದ್ದರು. ನನಗೆ ಅನ್ನಿಸುವುದು ಇಷ್ಟು: ಮಗು ಎದೆಯ ಹತ್ತಿರವೇ ಇದ್ದರೆ ಅದರ ಸಣ್ಣ ಸದ್ದು ಕೇಳುತ್ತದೆ, ಮೈ ಬಿಗಿ ಮಾಡಿದರೆ ಗೊತ್ತಾಗುತ್ತದೆ, ಅಳುವುದಕ್ಕೆ ಮುಂಚೆಯೇ ಅರ್ಥವಾಗುತ್ತದೆ. ಕೆಲಸ ಮಾಡಿದ್ದು ಆ ಮರುಮಾತು. ಬಟ್ಟೆ ಅದನ್ನು ಸುಲಭ ಮಾಡಿಕೊಟ್ಟಿತು, ಅಷ್ಟೇ.

ಇದನ್ನು ಬಹಳ ಹಿಂದೆಯೇ ಹೇಳಿದವರು ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್. ಬಾಂಧವ್ಯದ ಸಿದ್ಧಾಂತಕ್ಕೆ ಬುನಾದಿ ಹಾಕಿದವರು ಬ್ರಿಟನ್ನಿನ ಜಾನ್ ಬೌಲ್ಬಿ. ಅದನ್ನು ಮನೆಮನೆಗೆ ಹೋಗಿ, ಗಂಟೆಗಟ್ಟಲೆ ಕೂತು ನೋಡಿ ಪರೀಕ್ಷಿಸಿದವರು ಐನ್ಸ್‌ವರ್ತ್, 1950ರ ದಶಕದಲ್ಲಿ ಉಗಾಂಡದಲ್ಲಿ, 60ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಬಾಲ್ಟಿಮೋರ್‌ನಲ್ಲಿ ಅವರು ಕಂಡದ್ದು ಏನೆಂದರೆ, ಮಗುವನ್ನು ಎಷ್ಟು ಹೊತ್ತು ಎತ್ತಿಕೊಂಡಿದ್ದರು ಅನ್ನುವುದಕ್ಕಿಂತ ಹೇಗೆ ಎತ್ತಿಕೊಳ್ಳುತ್ತಿದ್ದರು ಅನ್ನುವುದೇ ಮುಖ್ಯ. ಪ್ರೀತಿಯಿಂದ, ಮಗುವಿನ ಮನಸ್ಸು ನೋಡಿಕೊಂಡು ಎತ್ತುವುದು ಬೇರೆ, ಗಡಿಬಿಡಿಯಲ್ಲಿ ಸಾಮಾನಿನ ಹಾಗೆ ಎತ್ತಿ ಕಟ್ಟಿಕೊಳ್ಳುವುದು ಬೇರೆ. ದಿನಕ್ಕೆ ಇಷ್ಟು ಗಂಟೆ ಎಂದು ಲೆಕ್ಕ ಕೊಡುವ ಪುಸ್ತಕಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಭದ್ರವಾದ ಬಾಂಧವ್ಯ ಅಂದರೆ ಮಗು ಯಾವಾಗಲೂ ಮೈಗೆ ಅಂಟಿಕೊಂಡಿರಬೇಕು ಎಂಬ ಭಾವನೆಯೂ ಆ ಪುಸ್ತಕದಿಂದ ಬರುತ್ತದೆ. ಐನ್ಸ್‌ವರ್ತ್ ರೂಪಿಸಿದ ಪರೀಕ್ಷೆಯನ್ನೇ ನೋಡಿ. ಒಂದು ವರ್ಷದ ಆಸುಪಾಸಿನ ಮಗುವನ್ನು ಆಟಿಕೆ ಇರುವ ಹೊಸ ಕೋಣೆಗೆ ಕರೆತರುತ್ತಾರೆ. ಸುಮಾರು 20 ನಿಮಿಷ. ಅಪರಿಚಿತರೊಬ್ಬರು ಬರುತ್ತಾರೆ, ತಾಯಿ ಸ್ವಲ್ಪ ಹೊತ್ತು ಹೊರಗೆ ಹೋಗಿ ವಾಪಸ್ ಬರುತ್ತಾಳೆ. ಮಗು ಎಷ್ಟು ಅತ್ತಿತು ಅನ್ನುವುದು ಇಲ್ಲಿ ದೊಡ್ಡ ವಿಷಯವಲ್ಲ. ತಾಯಿ ವಾಪಸ್ ಬಂದಾಗ ಮಗು ಅವಳ ಹತ್ತಿರ ಹೋಗಿ ಸಮಾಧಾನ ಪಡೆಯುತ್ತದಾ, ಆಮೇಲೆ ಮತ್ತೆ ಆಟಕ್ಕೆ ತಿರುಗುತ್ತದಾ, ಅದನ್ನು ಮುಖ್ಯವಾಗಿ ನೋಡುತ್ತಾರೆ. ಅಂದರೆ ದೂರ ಹೋಗುವ ಧೈರ್ಯವೂ ಬಾಂಧವ್ಯದ್ದೇ ಭಾಗ. ನಮ್ಮ ಮಗು ಕೂರುವುದನ್ನು ಕಲಿತ ಮೇಲೆ ಕ್ಯಾರಿಯರ್‌ನಲ್ಲಿ ಬೆನ್ನು ಬಾಗಿಸಿ ಒದ್ದಾಡಲು ಶುರು ಮಾಡಿತು, ಕೆಳಗೆ ಬಿಡಿ ಅಂತ. ಪುಸ್ತಕದ ಪ್ರಕಾರ ಆಗಲೂ ಕಟ್ಟಿಕೊಂಡೇ ಇರಬೇಕು. ನನ್ನ ಪ್ರಕಾರ ಆ ಒದ್ದಾಟಕ್ಕೆ ಓಗೊಡಬೇಕು. ಇಳಿಸಿ, ಹತ್ತಿರದಲ್ಲೇ ಕೂತು, ಅದು ತಿರುಗಿ ನೋಡಿದಾಗ ನಕ್ಕರೆ ಸಾಕು.

ಅಳುವಿನ ವಿಷಯಕ್ಕೆ ಬರೋಣ, ಜಾಸ್ತಿ ಜನ ಕ್ಯಾರಿಯರ್ ತಗೊಳ್ಳುವುದೇ ಅದಕ್ಕೆ. 1986ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹುನ್ಜಿಕರ್ ಮತ್ತು ಬಾರ್ ನಡೆಸಿದ ಅಧ್ಯಯನದಲ್ಲಿ, ಅತ್ತಾಗ ಮಾತ್ರವಲ್ಲದೆ ಸುಮ್ಮನಿದ್ದಾಗಲೂ ದಿನಾ ಜಾಸ್ತಿ ಹೊತ್ತು ಎತ್ತಿಕೊಂಡ ಮಕ್ಕಳು ಆರು ವಾರದ ವಯಸ್ಸಿನಲ್ಲಿ 43% ಕಡಿಮೆ ಅತ್ತವು. ಸಂಜೆ ಹೊತ್ತಿನಲ್ಲಿ 51% ಕಡಿಮೆ. ಸಂಜೆಯ ಅಳು ಕೇಳಿದವರಿಗೆ ಇದರ ಬೆಲೆ ಗೊತ್ತು. ಆದರೆ ಅದೇ ಬಾರ್ 1991ರಲ್ಲಿ, ಕೋಲಿಕ್ ಇರುವ, ಅಂದರೆ ವಿಪರೀತ ಅಳುವ ಮಕ್ಕಳಲ್ಲಿ ಇದನ್ನೇ ಪರೀಕ್ಷಿಸಿದಾಗ ಅಂಥ ಫಲ ಸಿಗಲಿಲ್ಲ. ಹಾಗಾಗಿ ನಿಮ್ಮ ಮಗು ಎಷ್ಟು ಎತ್ತಿಕೊಂಡರೂ ಅಳುತ್ತಿದ್ದರೆ ದಯವಿಟ್ಟು ನಿಮ್ಮ ಪ್ರೀತಿಯಲ್ಲಿ ಕೊರತೆ ಇದೆ ಎಂದುಕೊಳ್ಳಬೇಡಿ. ಕೆಲವು ಮಕ್ಕಳು ಆ ತಿಂಗಳುಗಳಲ್ಲಿ ಅಳುತ್ತವೆ. ಡಾಕ್ಟರಿಗೆ ತೋರಿಸಿ, ಬೇರೆ ತೊಂದರೆ ಇಲ್ಲ ಎಂದರೆ ಒಬ್ಬರಾದ ಮೇಲೆ ಒಬ್ಬರು ಎತ್ತಿಕೊಂಡು ದಾಟಿಸಿ.

ಕ್ಯಾರಿಯರ್ ನಿಜವಾಗಿ ಮಾಯಾಜಾಲ ತೋರಿಸುವುದು ನಡೆಯುವಾಗ. ಸುಮ್ನೆ ನಿಂತರೆ ಅಷ್ಟು ಸಮಾಧಾನ ಇಲ್ಲ, ನಡೆದರೆ ಮಗು ಕರಗಿದ ಹಾಗೆ ಎದೆಗೆ ಒರಗುತ್ತದೆ. ಇದಕ್ಕೂ ಕಾರಣ ಇದೆ. ಜಪಾನಿನಲ್ಲಿ ಎಸ್ಪೊಸಿಟೊ, ಕುಮಿ ಕುರೊಡಾ ಮತ್ತು ಜೊತೆಗಾರರು 2013ರಲ್ಲಿ ತೋರಿಸಿದ ಪ್ರಕಾರ ತಾಯಿ ಮಗುವನ್ನು ಎತ್ತಿಕೊಂಡು ನಡೆಯಲು ಶುರು ಮಾಡಿದ ತಕ್ಷಣ ಮಗುವಿನ ಎದೆಬಡಿತ ನಿಧಾನವಾಗುತ್ತದೆ, ಕೈಕಾಲು ಬಡಿಯುವುದು ಕಡಿಮೆಯಾಗುತ್ತದೆ. ಇಲಿಮರಿಗಳಲ್ಲೂ ಹೀಗೇ ಆಗುತ್ತದಂತೆ, ತಾಯಿ ಕಚ್ಚಿ ಎತ್ತಿಕೊಂಡು ಹೋಗುವಾಗ. 2022ರಲ್ಲಿ ಇದೇ ತಂಡ ಒಂದು ಉಪಯೋಗದ ಮಾತನ್ನೂ ಕೊಟ್ಟಿತು: ಅಳುವ ಮಗುವನ್ನು ಐದು ನಿಮಿಷ ಎತ್ತಿಕೊಂಡು ನಡೆಯಿರಿ, ನಿದ್ದೆ ಬಂದ ಮೇಲೆ ತಕ್ಷಣ ಮಲಗಿಸಬೇಡಿ, ಐದರಿಂದ ಎಂಟು ನಿಮಿಷ ಕೂತುಕೊಂಡು ಹಿಡಿದಿರಿ, ಆಮೇಲೆ ಮಲಗಿಸಿ. ನಮಗೆ ಇದು ಬಹಳ ಸಲ ಫಲ ಕೊಟ್ಟಿದೆ, ವೆಲ್ಕ್ರೋ ಮುಟ್ಟದಿದ್ದರೆ. ಇಷ್ಟು ಒಳ್ಳೆಯ ವಿಷಯವನ್ನು ಆ ಪುಸ್ತಕ ಬರೆದೇ ಇಲ್ಲ.

ಒಂದು ಎಚ್ಚರಿಕೆಯನ್ನು ನಾನು ಗಟ್ಟಿಯಾಗಿ ಹೇಳಬೇಕು. ಕ್ಯಾರಿಯರ್‌ನಲ್ಲಿ ಮಗು ಸುಮ್ಮನಿರುತ್ತದೆ, ಎರಡು ಕೈಯೂ ಖಾಲಿ ಇರುತ್ತದೆ. ಆಗ ಕೈ ತಾನಾಗಿಯೇ ಮೊಬೈಲ್‌ಗೆ ಹೋಗುತ್ತದೆ. ಎದೆ ಮೇಲೆ ಮಗು, ಕಣ್ಣು ಪರದೆ ಮೇಲೆ, ಮಗು ತಲೆಯೆತ್ತಿ ನೋಡಿದರೆ ಕಾಣುವುದು ಅಲುಗಾಡದ ಒಂದು ಮುಖ. ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಮಾಡಿದ ಪ್ರಯೋಗ ನೆನಪಾಗುತ್ತದೆ. ಮಗುವಿನ ಜೊತೆ ನಗುತ್ತಾ ಆಡುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂರುತ್ತಾಳೆ. ಮಗು ಮೊದಲು ನಗುತ್ತದೆ, ಕೈ ಚಾಚುತ್ತದೆ, ಸದ್ದು ಮಾಡಿ ಕರೆಯುತ್ತದೆ. ಏನೂ ಆಗದಿದ್ದಾಗ ಮುಖ ತಿರುಗಿಸಿಕೊಂಡು ಕುಸಿಯುತ್ತದೆ. ಕೆಲವೇ ತಿಂಗಳ ಕೂಸು ಅದು. ಅದಕ್ಕೆ ಉತ್ತರ ಬೇಕು ಅನ್ನುವುದು ಅದರ ಮೈಯಲ್ಲೇ ಇದೆ. ಮೈಗೆ ಮೈ ತಾಗಿದ್ದರೂ ಮುಖ ಸಿಗದೇ ಹೋಗಬಹುದು ಎಂದು ನನಗೆ ಈ ಕ್ಯಾರಿಯರ್ ಬಳಸುವಾಗಲೇ ಅರ್ಥವಾಗಿದ್ದು. ಅದಕ್ಕೇ ಹೊತ್ತುಕೊಂಡಾಗ ಮಾತಾಡಿ, ಹಾಡಿ, ಅದು ನೋಡುತ್ತಿರುವುದನ್ನು ನೀವೂ ನೋಡಿ. ಇಳಿಸಿದ ಮೇಲೆ ಸ್ವಲ್ಪ ಹೊತ್ತು ಎದುರುಬದುರು ಇರಿ.

ಹಾಗಂತ ಪ್ರತಿ ಸಲವೂ ಸರಿಯಾಗಿ ಓಗೊಡಬೇಕು ಎಂದು ಒದ್ದಾಡಬೇಕಾಗಿಲ್ಲ. ಟ್ರಾನಿಕ್ ಅವರೇ ಕಂಡುಕೊಂಡ ಹಾಗೆ, ಚೆನ್ನಾಗಿರುವ ತಾಯಿ ಮಗುವಿನ ಜೋಡಿ ಕೂಡ ಒಬ್ಬರಿಗೊಬ್ಬರು ಹೊಂದಿಕೊಂಡಿರುವುದು ಸುಮಾರು ಮೂರನೇ ಒಂದು ಭಾಗದಷ್ಟು ಹೊತ್ತು ಮಾತ್ರ. ಉಳಿದ ಹೊತ್ತು ತಪ್ಪುತ್ತಾರೆ, ಮತ್ತೆ ಸರಿಮಾಡಿಕೊಳ್ಳುತ್ತಾರೆ. ಆ ಸರಿಮಾಡಿಕೊಳ್ಳುವುದರಿಂದಲೇ ಮಗು ಕಲಿಯುತ್ತದೆ. 1997ರಲ್ಲಿ ಡಿ ವುಲ್ಫ್ ಮತ್ತು ವಾನ್ ಐಜೆಂಡೋರ್ನ್ 66 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ, ತಾಯಿ ಸೂಕ್ಷ್ಮವಾಗಿ ಸ್ಪಂದಿಸುವುದು ಮುಖ್ಯ ಹೌದು, ಆದರೆ ಅದೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ ಎಂದು ಕಂಡುಬಂತು. ಯಾವ ವಸ್ತುವೂ ಖಚಿತ ಎಂದು ಹೇಳುವ ಹಾಗಿಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಆ ಮುಚ್ಚಿಹೋಗುವ ಬಾಗಿಲಿನ ಮಾತು ನನಗೆ ಕೋಪ ತರಿಸಿತು. ಹುಟ್ಟಿದ ತಕ್ಷಣದ ಗಂಟೆಗಳೇ ತಾಯಿ ಮಗುವಿನ ನಂಟನ್ನು ತೀರ್ಮಾನಿಸುತ್ತವೆ ಎಂಬ ವಿಚಾರ 1970ರ ದಶಕದಲ್ಲಿ ಕ್ಲಾಸ್ ಮತ್ತು ಕೆನಲ್ ಎಂಬ ಇಬ್ಬರು ವೈದ್ಯರಿಂದ ಹರಡಿತು. ಅದರಿಂದ ಆಸ್ಪತ್ರೆಗಳಲ್ಲಿ ಮಗುವನ್ನು ತಾಯಿಯ ಹತ್ತಿರವೇ ಬಿಡುವುದು ಶುರುವಾಯಿತು, ಅದು ಒಳ್ಳೆಯದೇ ಆಯಿತು. ಆದರೆ ಆ ಕೆಲವು ಗಂಟೆ ತಪ್ಪಿದರೆ ಎಲ್ಲ ಮುಗಿಯಿತು ಎನ್ನುವುದನ್ನು ಮುಂದಿನ ಅಧ್ಯಯನಗಳು ಒಪ್ಪಲಿಲ್ಲ. ಮಗು ಒಬ್ಬರನ್ನು ಗುರುತಿಟ್ಟು, ಅವರೇ ಬೇಕು ಎಂದು ಹಿಂದೆ ಬೀಳುವುದು ಆರೇಳು ತಿಂಗಳ ಆಸುಪಾಸಿನಲ್ಲಿ, ತಿಂಗಳುಗಟ್ಟಲೆ ನಡೆದ ಒಡನಾಟದ ಮೇಲೆ. ಒಂದು ವರ್ಷ ತುಂಬುವ ಮೊದಲೇ ದತ್ತು ಬಂದ ಮಕ್ಕಳು ಹೆತ್ತವರ ಬಳಿ ಬೆಳೆದ ಮಕ್ಕಳಷ್ಟೇ ಭದ್ರವಾದ ಬಾಂಧವ್ಯ ಬೆಳೆಸಿಕೊಳ್ಳುತ್ತಾರೆ ಎಂದು ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದವರು 2009ರಲ್ಲಿ ತೋರಿಸಿದ್ದಾರೆ. ಮೊದಲ ವಾರಗಳನ್ನು ಮಗು ಇನ್‌ಕ್ಯುಬೇಟರ್‌ನಲ್ಲಿ ಕಳೆದಿದ್ದರೆ, ಹೆರಿಗೆ ಆದ ಮೇಲೆ ಅಮ್ಮನಿಗೇ ಹುಷಾರಿಲ್ಲದೆ ಮಲಗಿದ್ದರೆ, ಮಗು ದತ್ತು ಬಂದಿದ್ದರೆ, ಅಂಥವರ ಕೈಗೆ ಈ ಪುಸ್ತಕ ಸಿಕ್ಕರೆ ಏನಾಗುತ್ತದೆ ಎಂದು ಬರೆದವರು ಒಂದು ಕ್ಷಣ ಯೋಚಿಸಬೇಕಿತ್ತು. ಅವರಿಗೆ ನಾನು ಹೇಳುವುದು, ಆ ಪುಟ ಹರಿದುಹಾಕಿ, ಕ್ಯಾರಿಯರ್ ಕಟ್ಟಿಕೊಳ್ಳಿ, ಏನೂ ತಡವಾಗಿಲ್ಲ.

ಇನ್ನು ಅಪ್ಪನ ವಿಷಯ. ಸ್ಕಾಟ್‌ಲ್ಯಾಂಡಿನ ಗ್ಲಾಸ್ಗೋದಲ್ಲಿ ಶಾಫರ್ ಮತ್ತು ಎಮರ್ಸನ್ 60 ಮಕ್ಕಳನ್ನು ಹಿಂಬಾಲಿಸಿ 1964ರಲ್ಲಿ ಬರೆದ ವರದಿ ಪ್ರಕಾರ, ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಒಬ್ಬರಿಗಿಂತ ಜಾಸ್ತಿ ಜನರನ್ನು ಹಚ್ಚಿಕೊಂಡಿದ್ದವು. ಅಪ್ಪ, ಅಜ್ಜಿ, ಅಜ್ಜ, ಅಣ್ಣ ಅಕ್ಕ. ಹಾಲು ಕೊಡುವವರನ್ನೇ, ಹೆಚ್ಚು ಹೊತ್ತು ಜೊತೆಗಿರುವವರನ್ನೇ ಎಲ್ಲಕ್ಕಿಂತ ಜಾಸ್ತಿ ಹಚ್ಚಿಕೊಳ್ಳಬೇಕು ಎಂದೇನಿರಲಿಲ್ಲ, ಚೆನ್ನಾಗಿ ಸ್ಪಂದಿಸುವವರ ಕಡೆ ಮಗು ವಾಲುತ್ತಿತ್ತು. ನಾನು ಅಪ್ಪ, ಹಾಲು ಕೊಡಲಾರೆ. ಮೊದಲ ತಿಂಗಳುಗಳಲ್ಲಿ ನನ್ನದು ಬರೀ ಹೊರಗಿನ ಕೆಲಸ ಅನ್ನಿಸುತ್ತಿತ್ತು. ಕ್ಯಾರಿಯರ್ ನನಗೆ ಒಂದು ಜಾಗ ಕೊಟ್ಟಿತು. ಸಂಜೆ ಹೆಂಡತಿ ಮಲಗಿಕೊಳ್ಳಲಿ ಎಂದು ಮಗುವನ್ನು ಕಟ್ಟಿಕೊಂಡು ನಡೆಯುವಾಗ ಅದರ ಒಂದೊಂದು ಸದ್ದಿನ ಅರ್ಥ ನನಗೂ ತಿಳಿಯತೊಡಗಿತು. ಹಸಿವಿನ ಮುಲುಕು ಬೇರೆ, ನಿದ್ದೆಯ ಮುಲುಕು ಬೇರೆ. ಈ ವಸ್ತುವಿನ ದೊಡ್ಡ ಗುಣ ನನಗೆ ಇದೇ, ಕಂಪನಿ ಇದನ್ನೇ ಬಿಟ್ಟುಬಿಟ್ಟಿದೆ.

ಸುರಕ್ಷತೆಯ ಪುಟ ಪುಸ್ತಕದ ಕೊನೆಯಲ್ಲಿದೆ, ಸಣ್ಣ ಅಕ್ಷರದಲ್ಲಿ. ಅದು ಮೊದಲ ಪುಟದಲ್ಲಿ ಇರಬೇಕಿತ್ತು. ಮಗುವಿನ ಮುಖ ಯಾವಾಗಲೂ ಕಾಣುತ್ತಿರಬೇಕು, ಮೂಗು ಬಾಯಿ ಬಟ್ಟೆಗಾಗಲಿ ನಿಮ್ಮ ಎದೆಗಾಗಲಿ ಒತ್ತಿರಬಾರದು. ಮಗುವಿನ ಗದ್ದ ಅದರ ಎದೆಗೇ ಮಡಚಿಕೊಂಡರೆ ಉಸಿರಾಟಕ್ಕೆ ತೊಂದರೆ, ಪುಟ್ಟ ಮಕ್ಕಳಿಗೆ ಇದು ಜೀವಕ್ಕೇ ಅಪಾಯ. ಬಾಗಿ ಮುತ್ತು ಕೊಡುವಷ್ಟು ಎತ್ತರದಲ್ಲಿ ತಲೆ ಇರಬೇಕು, ಕಟ್ಟು ಬಿಗಿಯಾಗಿರಬೇಕು, ಬೆನ್ನಿಗೆ ಆಸರೆ ಇರಬೇಕು. ನಾಲ್ಕು ತಿಂಗಳಿಗಿಂತ ಚಿಕ್ಕವು, ಅವಧಿಗೆ ಮುಂಚೆ ಹುಟ್ಟಿದವು, ತೂಕ ಕಡಿಮೆ ಇರುವವು ಆದರೆ ಡಾಕ್ಟರನ್ನು ಕೇಳಿಯೇ ಬಳಸಿ. ತೊಡೆಗಳಿಗೆ ಪೂರ್ತಿ ಆಸರೆ ಇದ್ದು ಮೊಣಕಾಲು ಕುಂಡೆಗಿಂತ ಸ್ವಲ್ಪ ಮೇಲೆ ಇದ್ದರೆ ಸೊಂಟದ ಕೀಲಿಗೆ ಒಳ್ಳೆಯದು, ಕೂರುವ ಜಾಗದ ಅಗಲ ಹೊಂದಿಸಬಹುದು ಎಂದು ಮೊದಲು ಹೇಳಿದ್ದು ಇದಕ್ಕೇ. ಒಲೆ ಮುಂದೆ ನಿಲ್ಲುವಾಗ, ಗಾಡಿ ಓಡಿಸುವಾಗ ಕಟ್ಟಿಕೊಳ್ಳಲೇಬೇಡಿ.

ಯಾರು ತಗೊಳ್ಳಬೇಕು? ದಿನದಲ್ಲಿ ತುಂಬಾ ಹೊತ್ತು ಒಬ್ಬರೇ ಮಗು ನೋಡಿಕೊಳ್ಳುವವರು ಖಂಡಿತ ತಗೊಳ್ಳಿ. ಅಪ್ಪಂದಿರು ತಗೊಳ್ಳಿ, ಕಟ್ಟಿಕೊಳ್ಳುವುದನ್ನು ನೀವೇ ಕಲಿತುಕೊಳ್ಳಿ, ಹೆಂಡತಿ ಬಂದು ಬಕಲ್ ಹಾಕಲಿ ಎಂದು ಕಾಯಬೇಡಿ. ಬೆನ್ನು ನೋವು ಇರುವವರು, ಹೆರಿಗೆ ಆಪರೇಷನ್ ಆಗಿ ಗಾಯ ಮಾಗದವರು ಬಿಟ್ಟುಬಿಡಿ, ಹಾಸಿಗೆಯಲ್ಲಿ ಪಕ್ಕ ಮಲಗಿಸಿಕೊಂಡು ಮಾತಾಡಿಸಿದರೂ ಮಗುವಿಗೆ ಬೇಕಾದದ್ದು ಸಿಗುತ್ತದೆ. ಕೆಲವು ಮಕ್ಕಳಿಗೆ ಕಟ್ಟಿಸಿಕೊಳ್ಳುವುದೇ ಇಷ್ಟವಿಲ್ಲ, ಅವನ್ನು ಬಲವಂತ ಮಾಡಬೇಡಿ.

ಕ್ಯಾರಿಯರ್‌ಗೆ ಐದರಲ್ಲಿ ನಾಲ್ಕು ಸ್ಟಾರ್, ಆ ಬೆನ್ನ ಬಕಲ್ ಮತ್ತು ವೆಲ್ಕ್ರೋಗೆ ಒಂದು ಕಳೆದಿದ್ದೇನೆ. ಪುಸ್ತಕಕ್ಕೆ ಒಂದು. ಕಂಪನಿಯವರು ಇದನ್ನು ಓದಿದರೆ, ಮುಂದಿನ ಸಲ ಅಚ್ಚು ಹಾಕುವಾಗ ಉಸಿರಾಟದ ಪುಟವನ್ನು ಎಲ್ಲಕ್ಕಿಂತ ಮೊದಲು ಹಾಕಿ, ಬಾಗಿಲು ಮುಚ್ಚುವ ಮಾತನ್ನು ತೆಗೆಯಿರಿ, ಒಂದು ಪುಟದಲ್ಲಾದರೂ ಅಪ್ಪನ ಚಿತ್ರ ಹಾಕಿ.